ವಳ್ಳೂರಿನ ಕವರ್, ಬೇವಿನಪಾಳ್ಯದ ಬೋರ್ಡ್

ಮೊದಲ ಏಟು ಬಿದ್ದದ್ದು ಮೈಕ್ ಸ್ಟ್ಯಾಂಡಿನಿಂದ. ವೇದಿಕೆಯ ಹಿಂದೆ ಮಂಡಿಯೂರಿ ಪ್ರೊಜೆಕ್ಟರಿನ ವೈರು ಜೋಡಿಸುತ್ತಿದ್ದ ಅಂಜನ್ ಕುಮಾರನ ಬಲಗಿವಿಯ ಹಿಂದಕ್ಕೆ ಅದು ತಗುಲಿತು. ಕರೆಂಟ್ ಹೊಡೆಯಿತೆಂದೇ ಅವನು ತಿಳಿದ. ಕೈಯಲ್ಲಿದ್ದ ವೈರನ್ನು ಎಸೆದು, "ಮೇನ್ ಆಫ್ ಮಾಡ್ರಪ್ಪೋ" ಎಂದು ಕೂಗಿದ. ಎರಡನೆಯ ಏಟು ಬಿದ್ದು, ಅಂಗಿಯ ಕಾಲರು ಯಾರದೋ ಮುಷ್ಟಿಗೆ ಸಿಕ್ಕ ಮೇಲೆಯೇ ಇದು ಕರೆಂಟಲ್ಲ ಎಂದು ಗೊತ್ತಾದದ್ದು.

ಸ್ಟ್ಯಾಂಡು ಹಿಡಿದಿದ್ದವನು ಜಯಕುಮಾರ್. ಬೇವಿನಪಾಳ್ಯದಲ್ಲಿ ಶಾಮಿಯಾನ, ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನು. ಶಾಲೆಯ ಲೈಬ್ರರಿಯನ್ ರಾಜಲಕ್ಷ್ಮಮ್ಮನವರ ಒಡಹುಟ್ಟಿದ ತಮ್ಮ.

ಆ ಹೊತ್ತಿಗೆ ರಾಜಲಕ್ಷ್ಮಮ್ಮ ಶಾಲೆಯ ಇನ್ನೊಂದು ತುದಿಯಲ್ಲಿದ್ದರು. ವಾರ್ಷಿಕೋತ್ಸವದ ದಿನ, ತಂದೆತಾಯಂದಿರಿಗೆ ತೋರಿಸಲೆಂದು ಲೈಬ್ರರಿಯ ಮೇಜುಗಳನ್ನು ಜಗಲಿಗೆ ಎಳೆದು ಪುಸ್ತಕ ಹರಡುತ್ತಿದ್ದರು. ಮೈದಾನದ ಕಡೆಯಿಂದ ಗದ್ದಲ ಕೇಳಿದಾಗ ಕಬಡ್ಡಿ ಶುರುವಾಯಿತೇನೋ ಅಂದುಕೊಂಡರು. ಆಮೇಲೆ ಒಂದು ಹೆಂಗಸಿನ ದನಿ ಕೇಳಿತು: "ಕೊಲ್ರೋ ಅವನ್ನ." ಕಬಡ್ಡಿಯಲ್ಲಿ ಹೆಂಗಸರು ಹಾಗೆ ಕೂಗುವುದಿಲ್ಲ. ಕೈಯಲ್ಲಿದ್ದ ಪುಸ್ತಕವನ್ನು ಅಲ್ಲೇ ಬಿಟ್ಟು ಓಡಿದರು.

ಶಿರಾ ತಾಲ್ಲೂಕಿನಲ್ಲಿ, ತಾವರೆಕೆರೆಯಿಂದ ಒಳದಾರಿ ಹಿಡಿದರೆ ಬೇವಿನಪಾಳ್ಯ. ರಾಜಲಕ್ಷ್ಮಮ್ಮ ಹುಟ್ಟಿದ್ದು ಅಲ್ಲಿಯೇ, ಸಿದ್ದಗಂಗಯ್ಯ ಮತ್ತು ಹನುಮಕ್ಕನ ಹಿರಿಮಗಳಾಗಿ. ಮದುವೆಯಾಗಿ ಕೊರಟಗೆರೆ ಕಡೆಗೆ ಹೋದರು. ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ ಮೇಲೆ ಒಂದು ಟ್ರಂಕಿನೊಡನೆ ತವರಿಗೆ ಬಂದರು. ಅಂಚೆ ಮೂಲಕ ಗ್ರಂಥಾಲಯ ವಿಜ್ಞಾನ ಓದಿ, ಊರಿನ ಅನುದಾನಿತ ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದಾಗ ಲೈಬ್ರರಿ ಎಂದರೆ ಗೆದ್ದಲು ಹತ್ತಿದ ಎರಡು ಬೀರು. ಮೊದಲ ಬೇಸಿಗೆಯಿಡೀ ಪುಸ್ತಕಗಳನ್ನು ಬಿಸಿಲಿಗೆ ಹಾಕಿ, ಬೇವಿನೆಣ್ಣೆ ಒರೆಸಿ, ಮತ್ತೆ ಒಳಗಿಟ್ಟರು. ಹಪ್ಪಳ ಒಣಗಿಸುವ ಮಿಸ್ಸು ಎಂದು ಮೇಷ್ಟ್ರುಗಳು ನಗುತ್ತಿದ್ದರು.

ಕೊರೊನಾ ಕಾಲದಲ್ಲಿ ಯಾರೋ ದಾನಿಗಳು ಸುತ್ತಿನ ಶಾಲೆಗಳಿಗೆಲ್ಲ ಟ್ಯಾಬ್‌ಗಳನ್ನು ಹಂಚಿದರು. ಬೇವಿನಪಾಳ್ಯದಲ್ಲಿ ಅವನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ, ಬೀಗ ಇರುವುದು ಲೈಬ್ರರಿಗೆ ಮಾತ್ರ ಎಂಬ ಕಾರಣಕ್ಕೆ ಅವು ರಾಜಲಕ್ಷ್ಮಮ್ಮನವರ ಪಾಲಾದವು. ಅಗ್ಗದ ಮಾಲು. ಒಂದೆರಡು ವರ್ಷಕ್ಕೆ ಒಂದೊಂದಾಗಿ ಕಣ್ಣುಮುಚ್ಚತೊಡಗಿದವು. ಬೆಂಗಳೂರಿನ ಸರ್ವಿಸ್ ಸೆಂಟರಿನವರು ಹೊಸದು ತಗೊಳ್ಳಿ ಎಂದರು.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕಿನಲ್ಲಿ ಇದೇ ಗೋಳು. ಆಗ ಕೊರಟಗೆರೆಯ ಹಿರಿಯ ಲೈಬ್ರರಿಯನ್ ಚಂದ್ರಶೇಖರಯ್ಯನವರು ಒಂದು ವಾಟ್ಸಾಪ್ ಗುಂಪು ಕಟ್ಟಿದರು. ಹೆಸರು ಪುಸ್ತಕ ಪರದೆ ಬಳಗ. ಶಾಲೆಗಳ ಲೈಬ್ರರಿಯನ್ನರು, ಕಂಪ್ಯೂಟರ್ ಕಲಿಸುವವರು, ಸ್ಮಾರ್ಟ್ ಕ್ಲಾಸ್ ನೋಡಿಕೊಳ್ಳುವವರು ಅದರಲ್ಲಿದ್ದರು. ತಿಂಗಳ ಎರಡನೇ ಶನಿವಾರ ಮಧುಗಿರಿ ಬೆಟ್ಟದ ಬುಡದ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತಿದ್ದರು. ಮೊದಲಿಗೆ ಸುದ್ದಿ: ಹೊಸ ಸುತ್ತೋಲೆ ಯಾವುದು, ಯಾವ ಆ್ಯಪ್ ಬಂದಿದೆ, ಪುಸ್ತಕದ ಅನುದಾನ ಯಾವ ಮೇಜಿನ ಮೇಲೆ ಕೂತಿದೆ. ಆಮೇಲೆ ಆಪರೇಷನ್. ಎಲ್ಲರೂ ತಂತಮ್ಮ ಸತ್ತ ಟ್ಯಾಬ್‌ಗಳನ್ನು ಚೀಲದಲ್ಲಿ ತರುತ್ತಿದ್ದರು. ಒಂದರ ಪರದೆ, ಇನ್ನೊಂದರ ಬ್ಯಾಟರಿ, ಮತ್ತೊಂದರ ಕವರ್ ಸೇರಿಸಿದರೆ ಮೂರು ಹೆಣದಲ್ಲಿ ಒಂದು ಜೀವ ಏಳುತ್ತಿತ್ತು.

ಆಪರೇಷನ್ ಕಲಿಸಿದವನು ಅಂಜನ್ ಕುಮಾರ್. ಪಾವಗಡ ತಾಲ್ಲೂಕಿನ ವಳ್ಳೂರಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಮನೆಮಾತು ತೆಲುಗು, ಬಾಯಿ ತೆರೆದರೆ ತಮಾಷೆ. ಹಳೆಯ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಕವರನ್ನು ಮೆಲ್ಲಗೆ ಬಿಚ್ಚುವುದನ್ನು ರಾಜಲಕ್ಷ್ಮಮ್ಮನಿಗೆ ತೋರಿಸಿಕೊಟ್ಟವನು ಅವನೇ.

"ಮೆಲ್ಲಗೆ ಅಕ್ಕಾ, ಮೆಲ್ಲಗೆ. ಕಳ್ಳೇಕಾಯಿ ಸುಲಿದಂಗೆ ಸುಲೀಬೇಡಿ."

"ನಾನು ಕಳ್ಳೇಕಾಯಿ ಸುಲ್ದೇ ಬೆಳೆದಿರೋಳು ಕಣಪ್ಪಾ. ನಿಮ್ಮ ಪಾವಗಡದಂಗೆ ಸೋಲಾರ್ ಪ್ಲೇಟ್ ನೆಟ್ಟು ಬಿಸಿಲು ಮಾರ್ಕೊಂಡು ಕೂತಿಲ್ಲ."

"ಬಿಸಿಲು ಮಾರೋರು ಬೇರೆಯೋರು ಅಕ್ಕಾ. ನಾವು ಕಾಯೋರು ಮಾತ್ರ."

ಬಳಗಕ್ಕೆ ಒಂದು ಕಟ್ಟಳೆಯಿತ್ತು. ಪ್ರತಿ ಶಾಲೆಯೂ ತನ್ನ ಟ್ಯಾಬಿನ ಹಿಂದೆ ಬಿಳಿ ಪೇಂಟಿನಲ್ಲಿ ಊರಿನ ಮೊದಲಕ್ಷರ ಮತ್ತು ನಂಬರು ಬರೆದಿರುತ್ತದಲ್ಲ, ಕವರು ಬೇರೆ ಶಾಲೆಗೆ ಹೋದರೂ ಅದನ್ನು ಕೆರೆಯುವಂತಿಲ್ಲ. "ಕೊಟ್ಟೋರ ಹೆಸರು ಮೇಲೇ ಇರ್ಲಿ. ಅಳಿಸಿದ್ರೆ ಉಂಡ ಮನೇನ ಮರೆತಂಗೆ," ಎಂದು ಚಂದ್ರಶೇಖರಯ್ಯ ಮೊದಲ ಸಭೆಯಲ್ಲೇ ಹೇಳಿಬಿಟ್ಟಿದ್ದರು. ಯಂತ್ರ ನಿಜವಾಗಿ ಯಾರದೆಂದು ತಿಳಿಯಲು ಒಳಗಿನ ಬೋರ್ಡಿನ ಮೇಲೆ ಆಯಾ ಶಾಲೆಯವರು ಒಂದು ಬಣ್ಣದ ಚುಕ್ಕೆ ಇಡುತ್ತಿದ್ದರು. ರಾಜಲಕ್ಷ್ಮಮ್ಮ ಇಟ್ಟದ್ದು ಕಡುಗೆಂಪು ಚುಕ್ಕೆ. ತಮ್ಮನ ಹೆಂಡತಿಯ ನೈಲ್ ಪಾಲಿಶ್. ಹೇಳದೆ ಕೇಳದೆ ಶೀಶೆ ಖಾಲಿ ಮಾಡಿದ್ದಕ್ಕೆ ಮನೆಯಲ್ಲಿ ಒಂದು ದಿನ ದೊಡ್ಡ ರಂಪವಾಗಿತ್ತು. ಜಯಕುಮಾರನೇ ನಡುವೆ ಬಂದು ಬಿಡಿಸಿದ್ದ.

ಹೀಗೆ ವ-17 ಎಂಬ ಬರಹವಿದ್ದ ವಳ್ಳೂರಿನ ಕವರೊಂದು ಬೇವಿನಪಾಳ್ಯದ ಬೋರ್ಡಿನ ಬೆನ್ನಿಗೆ ಅಂಟಿಕೊಂಡು ಬಂತು. ಇದ್ದುದರಲ್ಲಿ ಆ ಟ್ಯಾಬಿನ ಕ್ಯಾಮೆರಾವೇ ಚೆನ್ನಾಗಿತ್ತು. ವಾರ್ಷಿಕೋತ್ಸವದ ಬೆಳಿಗ್ಗೆ ಪಿಟಿ ಮೇಷ್ಟ್ರು ರಂಗೇಶ್ ಬಂದು, "ಮೇಡಂ, ಮಕ್ಕಳ ಡ್ಯಾನ್ಸ್ ಶೂಟ್ ಮಾಡ್ಬೇಕು, ಒಳ್ಳೇದೊಂದು ಟ್ಯಾಬ್ ಕೊಡಿ," ಎಂದಾಗ ರಾಜಲಕ್ಷ್ಮಮ್ಮ ಅದನ್ನೇ ಕೊಟ್ಟರು.

ನಾಟ್ಯಕ್ಕೆ ಬಟ್ಟೆ ಬದಲಿಸಿಕೊಳ್ಳಲು ಹೆಣ್ಣುಮಕ್ಕಳಿಗೆ ಆಟದ ಸಾಮಾನಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಮೊದಲು ಒಳಗೆ ಹೋದವಳು ಒಂಬತ್ತನೇ ತರಗತಿಯ ಅನುಷಾ. ಸೇಫ್ಟಿ ಪಿನ್ನಿನ ಡಬ್ಬಿ ಎಲ್ಲಿಡುವುದೆಂದು ಮೇಲೆ ನೋಡಿದಾಗ ಅಟ್ಟಣಿಗೆಯಲ್ಲಿ, ವಾಲಿಬಾಲುಗಳ ನಡುವೆ, ಟ್ಯಾಬೊಂದು ನಿಂತದ್ದು ಕಂಡಿತು. ಅದರ ಕಣ್ಣು ಕೋಣೆಯತ್ತ ಇತ್ತು. ಅವಳು ಹಿಂದೆ ಬರುತ್ತಿದ್ದ ಗೆಳತಿಯರನ್ನು ಬಾಗಿಲಲ್ಲೇ ತಡೆದು, ಚೆಂಡುಗಳನ್ನು ಉರುಳಿಸಿ ಅದನ್ನೆಳೆದುಕೊಂಡು, ಸೀದಾ ತಾಯಿ ಸಣ್ಣಕ್ಕನ ಬಳಿಗೆ ಓಡಿದಳು.

ವಿಡಿಯೊ ತೆರೆದು ನೋಡಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಸಣ್ಣಕ್ಕನ ಕೈಯಿಂದ ಟ್ಯಾಬನ್ನು ಕಸಿದುಕೊಂಡ ಒಬ್ಬ ತಂದೆ ಅದನ್ನು ನೆಲಕ್ಕೆ ಬಡಿದು, ಚಪ್ಪಲಿಯ ಹಿಮ್ಮಡಿಯಿಂದ ತುಳಿದು, ಸಾಲದೆಂದು ಕಲ್ಲು ಎತ್ತಿಹಾಕಿದ. ಪರದೆ ಪುಡಿಯಾಯಿತು. ಉಳಿದದ್ದು ಬೆನ್ನಿನ ಬರಹ ಮಾತ್ರ.

"ವ ಹದಿನೇಳು ಅಂದ್ರೇನ್ಲಾ?"

"ವ ಅಂದ್ರೆ ವಳ್ಳೂರು ಕಣ್ರೀ," ಎಂದವನು ರಂಗೇಶ್. ಅವನು ಗುಂಪಿನ ಮುಂದೆಯೇ ಇದ್ದ, ಕೈಯಲ್ಲಿ ಕ್ರಿಕೆಟ್ ಸ್ಟಂಪು. "ಆ ಪಾವಗಡದೋನು ಬೆಳಿಗ್ಗೆಯಿಂದ ಇಲ್ಲೇ ಸುಳೀತಾವ್ನೆ ನೋಡಿ. ಸ್ಟೇಜ್ ಹಿಂದೆ ಅವ್ನೆ."

ಪ್ರೊಜೆಕ್ಟರ್ ಕೈಕೊಟ್ಟಿದೆ ಎಂದು ರಾಜಲಕ್ಷ್ಮಮ್ಮನೇ ಹಿಂದಿನ ದಿನ ಬಳಗದಲ್ಲಿ ಬರೆದಿದ್ದರು. ನಾನು ಬರ್ತೀನಿ ಅಕ್ಕಾ ಎಂದು ಅಂಜನ್ ಬೈಕ್ ಹತ್ತಿ ಬಂದಿದ್ದ.

ರಾಜಲಕ್ಷ್ಮಮ್ಮ ಮೈದಾನಕ್ಕೆ ಓಡಿಬಂದಾಗ ಅಂಜನ್‌ನನ್ನು ವೇದಿಕೆಯಿಂದ ಧ್ವಜದ ಕಂಬದವರೆಗೆ ಎಳೆತಂದಾಗಿತ್ತು. ಜಯಕುಮಾರನ ಮೈಕಿನ ವೈರಿನಿಂದಲೇ ಕಂಬಕ್ಕೆ ಕಟ್ಟಿದ್ದರು. ಅಂಗಿ ಹರಿದು ಸೊಂಟಕ್ಕೆ ಇಳಿದಿತ್ತು. ಕಿವಿಯಿಂದ ಸುರಿದ ರಕ್ತ ಕುತ್ತಿಗೆಯಲ್ಲಿ ಹೆಪ್ಪುಗಟ್ಟಿ, ಅದರ ಮೇಲೆ ಹೊಸ ರಕ್ತ ಇಳಿಯುತ್ತಿತ್ತು. ಹೊಡೆಯುವವರಲ್ಲಿ ಸರದಿ ಇರಲಿಲ್ಲ. ಒಬ್ಬ ಬೆತ್ತದಿಂದ ಮಂಡಿಗೆ ಬಾರಿಸಿದರೆ ಇನ್ನೊಬ್ಬ ಹೊಟ್ಟೆಗೆ ಒದೆಯುತ್ತಿದ್ದ. ರಂಗೇಶನ ಸ್ಟಂಪು ಪಕ್ಕೆಗೆ ಬಿತ್ತು. ಕಟ್ಟು ಸಡಿಲಿ ಬಲಗೈ ನೆಲಕ್ಕೆ ಊರಿದಾಗ ಒಬ್ಬನು ಅದರ ಮೇಲೆ ಬೂಟುಗಾಲಿಟ್ಟ.

"ಇದೇ ಕೈಯಾಗಲ್ಲೇನ್ಲಾ ಇಟ್ಟಿದ್ದು? ಇದೇ ಕೈ ಅಲ್ವೇನ್ಲಾ?"

ಬೆರಳುಗಳು ಮುರಿದ ಸದ್ದು ಹತ್ತಿರವಿದ್ದವರಿಗೆಲ್ಲ ಕೇಳಿತು. ಅಲ್ಲಿಯವರೆಗೆ "ನಾನಲ್ಲಣ್ಣಾ" ಎನ್ನುತ್ತಿದ್ದ ಅಂಜನ್ ಆಗ ಮನೆಮಾತಿಗೆ ಜಾರಿದ. "ನೇನು ಕಾದಣ್ಣಾ, ನೇನು ಕಾದು."

"ತೆಲುಗು ಕಣ್ರಲೇ! ಆಂಧ್ರದ ಕಳ್ಳ!" ಎಂದು ಹಿಂದಿನಿಂದ ಯಾರೋ ಕೂಗಿದರು. ಏಟು ಇನ್ನಷ್ಟು ಬಿರುಸಾಯಿತು.

ಹೆಡ್‌ಮಾಸ್ಟರು ಕೋಣೆಯ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ರಾಜಲಕ್ಷ್ಮಮ್ಮ ಗುಂಪಿನೊಳಕ್ಕೆ ನುಗ್ಗಿದರು. ಕಾಲಡಿಯಲ್ಲಿ ಬಿದ್ದಿದ್ದ ಟ್ಯಾಬ್ ಕಂಡಿತು, ಬೆನ್ನು ಮೇಲಾಗಿ. ವ-17. ಅದನ್ನು ತಾವು ಯಾರ ಕೈಗೆ ಕೊಟ್ಟಿದ್ದೆವೆಂದು ಆಗಲೇ ನೆನಪಾಯಿತು.

"ಅದು ಅವನ್ದಲ್ಲ! ಅದು ನಮ್ ಶಾಲೇದು!"

ಯಾರೂ ಕೇಳಲಿಲ್ಲ. ಯಾರದೋ ಮೊಣಕೈ ಅವರ ಬಾಯಿಗೆ ಬಡಿದು ತುಟಿ ಒಡೆಯಿತು. ಅವರು ಟ್ಯಾಬನ್ನು ಎತ್ತಿಕೊಂಡು ಧ್ವಜದ ಕಟ್ಟೆ ಹತ್ತಿದರು. ಕೊರಳಿನ ಐಡಿ ಕಾರ್ಡಿನ ಜೊತೆಗೆ ಹಳೆಯ ಎಟಿಎಂ ಕಾರ್ಡು ಸದಾ ಇರುತ್ತಿತ್ತು. ಅಂಚಿಗೆ ತೂರಿಸಿ ಎಳೆದರು. ಕಲ್ಲೇಟಿಗೆ ಸಡಿಲವಾಗಿದ್ದ ಕವರು ಸುಲಭವಾಗಿ ಕಿತ್ತುಬಂತು. ಗಾಜಿನ ಚೂರು ಬೆರಳಿಗೆ ಹೊಕ್ಕದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅವರು ಕೂಗಿದ್ದು ಗುಂಪಿಗಲ್ಲ, ತಮ್ಮನಿಗೆ. "ಜಯಾ! ಇಲ್ನೋಡ್ಲಾ! ಇದು ಯಾವ ಬಣ್ಣ ನೋಡು!"

ಜಯಕುಮಾರ್ ಸ್ಟ್ಯಾಂಡನ್ನು ಎತ್ತಿ ಹಿಡಿದವನು ತಲೆ ಮೇಲೆತ್ತಿದ. ಹಸಿರು ಬೋರ್ಡಿನ ಮೂಲೆಯಲ್ಲಿ ಕಡುಗೆಂಪು ಚುಕ್ಕೆ. ಅವನು ಒಂದು ಗಳಿಗೆ ನೋಡಿದ. ಸ್ಟ್ಯಾಂಡು ನಿಧಾನವಾಗಿ ಕೆಳಗಿಳಿಯಿತು.

"ಇದು... ನಮ್ ಮನೇದು," ಎಂದ.

"ನಿಮ್ ಮನೇದಾ?"

"ಅಂಗಲ್ಲ. ಅಕ್ಕ ನಮ್ ಶಾಲೆ ಟ್ಯಾಬಿಗೆಲ್ಲ ಇದೇ ಪಾಲಿಶ್ ಹಚ್ತಾಳೆ. ಮೇಲಿನ ಕವರು ಮಾತ್ರ ಬೇರೆ ಊರಿಂದು. ಬುಡ್ರಲೇ, ಬುಡ್ರೋ ಅವನ್ನ!"

ಹೊಡೆತ ಒಮ್ಮೆಲೇ ನಿಲ್ಲಲಿಲ್ಲ. ಹಿಂದಿದ್ದವರಿಗೆ ಸುದ್ದಿ ತಲುಪುವಷ್ಟರಲ್ಲಿ ಅಂಜನ್‌ಗೆ ಇನ್ನೆರಡು ಒದೆ ಬಿದ್ದವು. ಆಮೇಲೆ ಸುತ್ತ ಒಂದಿಷ್ಟು ಜಾಗವಾಯಿತು. ಕಂಬಕ್ಕೆ ಜೋತುಬಿದ್ದಿದ್ದ ಅವನ ಬಾಯಿಂದ ಜೊಲ್ಲೂ ರಕ್ತವೂ ಒಂದೇ ಎಳೆಯಾಗಿ ಇಳಿಯುತ್ತಿತ್ತು.

ಸಣ್ಣಕ್ಕ ಕಟ್ಟೆಯ ಹತ್ತಿರ ಬಂದಳು. ರಾಜಲಕ್ಷ್ಮಮ್ಮನ ಜೊತೆ ಇದೇ ಶಾಲೆಯಲ್ಲಿ ಓದಿದವಳು.

"ಅಂಗಾದ್ರೆ ನಮ್ ಶಾಲೇದೇ ಅಂತೀಯ. ನಿನ್ ಬೀರಿಂದು. ಯಾರಿಗ್ ಕೊಟ್ಟಿದ್ದೆ ರಾಜಕ್ಕಾ?"

ರಂಗೇಶ್ ಎರಡು ಮಾರು ದೂರದಲ್ಲಿದ್ದ. ರಾಜಲಕ್ಷ್ಮಮ್ಮ ಅವನತ್ತ ನೋಡಲಿಲ್ಲ. ಕಣ್ಣು ಅತ್ತ ಹೊರಳಿದರೂ ಸಾಕು, ಬಾಯಿ ತೆರೆಯುವ ಅಗತ್ಯವಿರಲಿಲ್ಲ. ಅವರು ದೃಷ್ಟಿಯನ್ನು ಅಂಜನ್‌ನ ಬಲಗೈ ಮೇಲೆ ನೆಟ್ಟರು. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು. ಈ ಜನರ ಕೈಗೆ ಒಂದು ಊರಿನ ಹೆಸರು ಸಿಕ್ಕಿದ್ದಕ್ಕೆ ಇಷ್ಟಾಗಿತ್ತು; ಮನುಷ್ಯನ ಹೆಸರು ಸಿಕ್ಕರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲಾಗಿ, ತಾವು ರಂಗೇಶನ ಕೈಗೆ ಕೊಟ್ಟದ್ದು ನಿಜ. ಅವನ ಕೈಯಿಂದ ಅದು ಬೇರೆ ಕೈಗೆ ಹೋಗಿಲ್ಲವೆಂದು ಅವರು ಕಂಡಿರಲಿಲ್ಲ.

"ಪೊಲೀಸ್ ಬರ್ಲಿ. ಅವ್ರ ಮುಂದೆ ಹೇಳ್ತೀನಿ."

"ನಮ್ ಮುಂದೆ ಹೇಳಕ್ಕೆ ಏನ್ ಬಾಧೆ ನಿಂಗೆ?"

"ಹೇಳ್ತೀನಿ ಅಂದ್ನಲ್ಲ ಸಣ್ಣಿ. ಪೊಲೀಸ್ ಬರ್ಲಿ."

"ನನ್ ಮಗಳು ಕಣೇ ಅಲ್ಲಿಗೆ ಹೋಗಿದ್ದು! ನಿನ್ ಹೊಟ್ಟೇಲಿ ಒಂದು ಹುಟ್ಟಿದ್ರೆ ಗೊತ್ತಾಗ್ತಿತ್ತು!"

ಸಣ್ಣಕ್ಕ ಅವರ ಜಡೆಗೆ ಕೈ ಹಾಕಿ ಕಟ್ಟೆಯಿಂದ ಕೆಳಕ್ಕೆಳೆದಳು. ಬಿದ್ದ ರಭಸಕ್ಕೆ ಹಣೆ ಸಿಮೆಂಟಿನ ಅಂಚಿಗೆ ಬಡಿಯಿತು. ಹೆಂಗಸರು ಮುತ್ತಿಕೊಂಡರು. ಕೆನ್ನೆಗೆ, ಬೆನ್ನಿಗೆ, ಎಲ್ಲಿ ಸಿಕ್ಕರೆ ಅಲ್ಲಿಗೆ. ಯಾರೋ ಚಪ್ಪಲಿಯಲ್ಲಿ ಬಾಯಿಗೇ ಹೊಡೆದರು.

"ಇವಳ್ದೂ ಪಾಲಿದೆ ಇದ್ರಲ್ಲಿ! ಅದಕ್ಕೇ ಬಾಯಿ ಬಿಡ್ತಿಲ್ಲ!" ಎಲ್ಲರಿಗಿಂತ ಜೋರಾಗಿ ಕೂಗಿದವನು ರಂಗೇಶ್. ಗುಂಪನ್ನು ಸರಿಸಿಕೊಂಡು ಬಂದ. ರಾಜಲಕ್ಷ್ಮಮ್ಮ ತಲೆಗೆ ಅಡ್ಡ ಹಿಡಿದಿದ್ದ ಎಡಗೈ ಮೇಲೆ ಅವನ ಸ್ಟಂಪು ಬಿತ್ತು. ಮೊಣಕೈಗೂ ಮಣಿಕಟ್ಟಿಗೂ ನಡುವೆ ಕೈ ಮುರಿಯಿತು. ಅವನು ಮತ್ತೆ ಎತ್ತಿದಾಗ ಜಯಕುಮಾರ್ ಅವನ ಸೊಂಟ ಹಿಡಿದು ಹಿಂದಕ್ಕೆಸೆದ. "ನಮ್ಮಕ್ಕನ್ ಮೇಲೆ ಕೈ ಎತ್ತಿದ್ರೆ ಕುಯ್ದಾಕ್ಬುಡ್ತೀನಿ ಬಡ್ಡಿಮಗನೇ!"

ಅಕ್ಕನ ಮೇಲೆ ಕವುಚಿ ಮಲಗಿದ ಜಯಕುಮಾರನ ಬೆನ್ನಿಗೆ ಉಳಿದ ಏಟುಗಳು ಬಿದ್ದವು. ಇಲ್ಲಿ ಕೈಸಾಗದವರು ಲೈಬ್ರರಿಗೆ ನುಗ್ಗಿದರು. ಶಾಟ್‌ಪುಟ್ಟಿನ ಕಬ್ಬಿಣದ ಗುಂಡನ್ನು ಎಸೆದು ಸ್ಮಾರ್ಟ್ ಬೋರ್ಡ್ ಒಡೆದರು. ಬೀರುಗಳನ್ನು ಮಗುಚಿ, ಟ್ಯಾಬ್‌ಗಳನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು ಜಜ್ಜಿದರು. ಜಗಲಿಯ ಪುಸ್ತಕಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿದರು. ಮೈದಾನದಲ್ಲಿ ನಾಟ್ಯದ ಉಡುಪು ಕೈಯಲ್ಲಿ ಹಿಡಿದ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಅಂಟಿಕೊಂಡು ನಿಂತಿದ್ದರು. ಅನುಷಾ ಮಾತ್ರ ಗುಂಪಿನೊಳಗೆ ತೂರಿ, ತಾಯಿಯ ಸೆರಗು ಜಗ್ಗುತ್ತ, "ಸಾಕು ಬುಡಮ್ಮ, ಸಾಕು ಬುಡಮ್ಮ" ಎನ್ನುತ್ತಲೇ ಇದ್ದಳು.

ಜೀಪು ಬಂತು. ಪೊಲೀಸರು ಲಾಠಿ ಬೀಸಿದಾಗ ಜನ ಚೆದುರಿದರು. ರಾಜಲಕ್ಷ್ಮಮ್ಮನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಎಡಗೈ ಮಡಿಲಿನಲ್ಲಿ ಬೇರೆಯವರದೆಂಬಂತೆ ಬಿದ್ದಿತ್ತು.

"ಯಾರಮ್ಮ ಅದು?" ಎಂದು ಎಸ್‌ಐ ಕೇಳಿದ.

"ಬಾಗಿಲು ಹಾಕಿ ಮೊದ್ಲು."

ಅವನು ಬಾಗಿಲು ಎಳೆದುಕೊಂಡ.

"ರಂಗೇಶ. ಪಿಟಿ ಮೇಷ್ಟ್ರು. ಬೆಳಿಗ್ಗೆ ನಾನೇ ಅವನ ಕೈಗೆ ಕೊಟ್ಟಿದ್ದು. ಒಳಗಿರೋ ಮೆಮೊರಿ ಕಾರ್ಡು ಸರಿಯಾಗೇ ಇರ್ಬೇಕು, ನೋಡಿ. ಹೊರಗೆ ಮಾತ್ರ ಹೇಳ್ಬೇಡಿ."

ಆ ಹೊತ್ತಿನಲ್ಲಿ ರಂಗೇಶ್ ಅಂಜನ್‌ನ ಕಾಲು ಹಿಡಿದು ಆಂಬುಲೆನ್ಸಿಗೆ ಎತ್ತಿ ಹಾಕಲು ನೆರವಾಗುತ್ತಿದ್ದ. ಪೊಲೀಸರು ಅವನನ್ನು ಕರೆದೊಯ್ದದ್ದು ಸಾಕ್ಷಿ ಹೇಳಿಸುವ ನೆಪದಲ್ಲಿ. ಮೆಮೊರಿ ಕಾರ್ಡಿನಲ್ಲಿ ಮೊದಲು ಕಂಡದ್ದು ಅವನ ಮುಖವೇ: ಟ್ಯಾಬನ್ನು ಚೆಂಡುಗಳ ನಡುವೆ ನಿಲ್ಲಿಸಿ, ಸರಿಯಾಗಿ ಕಾಣುತ್ತದೆಯೇ ಎಂದು ಬಗ್ಗಿ ನೋಡುವ ಮುಖ. ಆಮೇಲೆ ಖಾಲಿ ಕೋಣೆ. ಕೊನೆಗೆ ಅನುಷಾಳ ಅಂಗೈ. ಯಾರೂ ಬಟ್ಟೆ ಬದಲಿಸುವ ಮೊದಲೇ ಅದು ಸಿಕ್ಕಿಬಿದ್ದಿತ್ತು. ಅದರಲ್ಲಿ ಯಾವ ಮಗುವೂ ಇರಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ರಾಜಲಕ್ಷ್ಮಮ್ಮನ ಕೈಗೆ ರಾಡು ಹಾಕಿದರು. ಸಣ್ಣಕ್ಕ ನೋಡಲು ಬಂದಳು. ತಂದಿದ್ದ ಮುದ್ದೆ, ಸೊಪ್ಪಿನ ಸಾರು ಮುಂದಿಟ್ಟು, ಕೈಗೆ ಕಟ್ಟಿದ ಬ್ಯಾಂಡೇಜನ್ನೇ ನೋಡುತ್ತ ಕೂತಳು.

"ಅಲ್ಲೇ ಅಂದಿದ್ರೆ ನಿಂಗೆ ಈ ಗತಿ ಬರ್ತಿರ್ಲಿಲ್ಲ ರಾಜಕ್ಕಾ. ಆ ನನ್ ಮಗನ್ನ ನಾವೇ ಮುಗಿಸ್ಬುಡ್ತಿದ್ವಿ."

"ಮುಗಿಸ್ತಿದ್ರಿ. ಇವತ್ತು ನೀನು ಇಲ್ಲಿಗೆ ಸಾರು ತರ್ತಿರ್ಲಿಲ್ಲ, ಅನುಷಾ ಜೈಲಿಗೆ ತರ್ತಿದ್ಲು."

"ಆದ್ರೂವೆ, ನಮ್ ಕೈಗೆ ಸಿಗ್ಬೇಕಿತ್ತು ಅವ್ನು," ಎಂದಳು ಸಣ್ಣಕ್ಕ. ತಾನು ಕೂದಲು ಹಿಡಿದೆಳೆದ ಮಾತು ಎತ್ತಲಿಲ್ಲ. ಇವರೂ ಎತ್ತಲಿಲ್ಲ.

ಅಂಜನ್ ಅದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿದ್ದ. ಮೂರು ಪಕ್ಕೆಲುಬು ಮುರಿದಿದ್ದವು. ಬಲಗಿವಿಯ ತಮಟೆ ಹರಿದಿತ್ತು. ಬಲಗೈಯ ಬೆರಳುಗಳು ಕೂಡಿಕೊಳ್ಳುತ್ತವೆ, ಆದರೆ ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸಣ್ಣ ಸ್ಕ್ರೂಡ್ರೈವರ್ ಹಿಡಿಯುವ ಕೈ ಅದು.

ರಾಜಲಕ್ಷ್ಮಮ್ಮ ಹಾಸಿಗೆಯ ಬಲಕ್ಕೆ ಕೂತಾಗ ಅವನು ಎಡಗೈಯಿಂದ ಸನ್ನೆ ಮಾಡಿ ಈ ಕಡೆಗೆ ಬನ್ನಿ ಎಂದ.

"ನಾನೇ ಅಲ್ವಾ ನಿನ್ನ ಕರೆಸಿದ್ದು," ಎಂದರು ಅವರು.

"ಅದು ಬುಡಿ ಅಕ್ಕಾ. ಒಂದು ಕೇಳ್ತೀನಿ. ಆ ರಂಗೇಶ ಅಲ್ಲೇ ನಿಂತಿದ್ನಂತೆ. ನನ್ನ ಪಕ್ಕೆ ಮುರಿದೋನೇ ಅವನಂತೆ. ನಿಮ್ಗೆ ಗೊತ್ತಿತ್ತು. ಆದ್ರೂ ಹೇಳ್ಲಿಲ್ಲ. ನನ್ನ ಹೊಡೆದೋನ್ನ ಕಾಪಾಡಿದ್ರಿ."

"ನಿನ್ನಂಗೇ ಅವನ್ನೂ ಕಟ್ಟಾಕಿ..."

"ನನ್ನಂಗೇನಾ?" ಅವನ ದನಿ ವಾರ್ಡಿಗೆಲ್ಲ ಕೇಳುವಷ್ಟು ಏರಿತು, ಒಂದು ಕಿವಿ ಹೋದವನಿಗೆ ತನ್ನ ದನಿಯ ಅಳತೆ ಸಿಗುತ್ತಿರಲಿಲ್ಲ. "ನಾನು ಏನೂ ಮಾಡಿರ್ಲಿಲ್ಲ ಅಕ್ಕಾ! ನನ್ನನ್ನೂ ಅವನನ್ನೂ ಒಂದೇ ತಕ್ಕಡೀಲಿ ಹಾಕ್ತೀರಾ?"

ಅವನು ಉಸಿರು ತೆಗೆದುಕೊಳ್ಳಲು ಒದ್ದಾಡಿದ. ಪಕ್ಕೆ ಹಿಡಿದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

"ಮೊದಲ ಏಟು ನಿಮ್ಮ ತಮ್ಮಂದಂತೆ. ನಾನು ತಿರುಗಿ ನೋಡೋವಾಗ ಕಣ್ಣು ಮಂಜಾಗಿತ್ತು, ಯಾರ್ದೂ ಮುಖ ನೆನಪಿಲ್ಲ. ವೈರಲ್ಲಿ ಕಟ್ಟಿದ್ದೂ ಅವನೇ ಅಂತ ಆಮೇಲೆ ಆಂಬುಲೆನ್ಸಲ್ಲಿ ಮಾತಾಡ್ಕೊಂಡ್ರು. ನೀವು ಎಲ್ರನ್ನೂ ನೋಡಿದ್ದೀರಿ. ಪೊಲೀಸರ ಮುಂದೆ ಹೇಳ್ತೀನಿ ಅಂದಿರಲ್ಲ. ಇದನ್ನೂ ಹೇಳ್ತೀರಾ, ಇಲ್ಲಾ ಇದಕ್ಕೆ ಬೇರೆ ನ್ಯಾಯಾನಾ?"

ಅವನು ಮುಖ ಗೋಡೆಯತ್ತ ಹೊರಳಿಸಿದ. ಕೇಳಿಸುವ ಕಿವಿಯ ಮೇಲೆ ದಿಂಬಿನ ಅಂಚು ಎಳೆದುಕೊಂಡ.

ಬಳಗದಲ್ಲಿ ಆ ವಾರವೆಲ್ಲ ಬೇರೆ ಸುದ್ದಿಯಿರಲಿಲ್ಲ. ಚಂದ್ರಶೇಖರಯ್ಯನವರು ಒಂದೇ ಸಾಲು ಬರೆದರು: ಬೇರೆ ಶಾಲೆಯಿಂದ ಬಂದ ಕವರಿನ ಬರಹವನ್ನು ಎಲ್ಲರೂ ಇಂದೇ ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಯಾರೂ ಎದುರಾಡಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹನುಮಕ್ಕ ಮಗಳ ತಲೆ ಬಾಚಿ, ಜಡೆ ಹಾಕಿ, ತುತ್ತು ಮಾಡಿ ಉಣ್ಣಿಸಿದಳು. ಜಯಕುಮಾರ್ ಬೆನ್ನಿನ ಬಾಸುಂಡೆಗೆ ಹರಳೆಣ್ಣೆ ಹಚ್ಚಿಸಿಕೊಂಡು ಕವುಚಿ ಮಲಗಿರುತ್ತಿದ್ದ. ಊರಿನ ಗಂಡಸರು ಒಬ್ಬೊಬ್ಬರೇ ಬಂದು ಜಗಲಿಯಲ್ಲಿ ಕೂತು ಹೋಗುತ್ತಿದ್ದರು. ಪೊಲೀಸರಿಗೆ ಸಾಕ್ಷಿ ಸಿಗುತ್ತಿಲ್ಲವಂತೆ, ಪಾವಗಡದವನಿಗೂ ಯಾರ ಗುರುತಿಲ್ಲವಂತೆ ಎಂದು ಸಮಾಧಾನದಿಂದ ಹೇಳುತ್ತಿದ್ದರು.

"ನಾಳೆ ಸ್ಟೇಷನ್ನಿಗೆ ಕರೆದವ್ರೆ," ಎಂದರು ರಾಜಲಕ್ಷ್ಮಮ್ಮ.

ಹನುಮಕ್ಕನ ಕೈ ತಟ್ಟೆಯಲ್ಲೇ ನಿಂತಿತು. "ಏನಂತ ಹೇಳ್ತೀಯ?"

"ಕಂಡಿದ್ದು."

"ಕತ್ತಲೆ ಬಂದಂಗಾಯ್ತು, ಕಾಣ್ಲಿಲ್ಲ ಅನ್ನು. ನಿನ್ ಮೈಮೇಲೆ ಬಿದ್ದು ನಿನ್ನ ಪ್ರಾಣ ಉಳಿಸಿದೋನು ಕಣೇ ಅವ್ನು."

"ಹೂಂ. ಅದ್ನೂ ಹೇಳ್ತೀನಿ."

ಒಳಗಿನಿಂದ ಜಯಕುಮಾರ್ ಎದ್ದು ಬಂದು ಬಾಗಿಲಿಗೆ ಒರಗಿ ನಿಂತ. ಅಕ್ಕನ ಮುಖವನ್ನು ನೋಡಿದ. ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬನ್ನು ತೆಗೆದು ಗೋಡೆಗೆ ಬೀಸಿ ಎಸೆದ. ಅದು ಅಕ್ಕನ ತಲೆಯ ಪಕ್ಕದಲ್ಲೇ ಬಡಿದು, ಗಾರೆ ಉದುರಿಸಿ ಕೆಳಗೆ ಬಿತ್ತು.

ಠಾಣೆಯಲ್ಲಿ ಎಸ್‌ಐ ಹೇಳಿಕೆ ಬರೆದುಕೊಳ್ಳತೊಡಗಿದ. ಬೆರಳು ತುಳಿದವನು ಯಾರು, ಬೆತ್ತ ಹಿಡಿದವನು ಯಾರು, ಬೆಂಕಿ ಹಚ್ಚಿದವರು ಯಾರು ಎಂದು ರಾಜಲಕ್ಷ್ಮಮ್ಮ ಒಬ್ಬೊಬ್ಬರನ್ನೇ ಹೇಳಿದರು. ಸಣ್ಣಕ್ಕನ ಹೆಸರೂ ಬಂತು. ಎಲ್ಲೂ ತಡವರಿಸಲಿಲ್ಲ. ಮೈಕ್ ಸ್ಟ್ಯಾಂಡು ಹಿಡಿದವನು ಯಾರು ಎಂದಾಗ ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟರು.

"ಜಯಕುಮಾರ್. ಸಿದ್ದಗಂಗಯ್ಯನ ಮಗ."

ಎಸ್‌ಐ ಪೆನ್ನು ಎತ್ತಿದ. "ನಿಮ್ಮ ತಂದೆ ಹೆಸರೂ ಸಿದ್ದಗಂಗಯ್ಯ ಅಲ್ವಾ ಮೇಡಂ?"

"ಹೌದು. ತಮ್ಮ."

"ಯೋಚನೆ ಮಾಡಿ. ಬರ್ಕೊಂಡ್ರೆ ಅಳಿಸಕ್ಕಾಗಲ್ಲ."

"ಬರ್ಕೊಳ್ಳಿ. ಕಡೇಗೆ ಬಿಡಿಸಿದೋನೂ ಅವನೇ, ಅದ್ನೂ ಬರ್ಕೊಳ್ಳಿ. ಎರಡೂ ಕಂಡಿದ್ದೀನಿ."

ತಾವರೆಕೆರೆಯಲ್ಲಿ ಬಸ್ಸಿಳಿದು ಆಟೊ ಹಿಡಿದು ಊರು ಸೇರುವ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು. ಬೀದಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಬೆನ್ನಿಗೆ ಒಂದು ಕಲ್ಲು ಬಂದು ಬಿತ್ತು. ತಿರುಗಿ ನೋಡಿದರೆ ಬಾಗಿಲುಗಳಷ್ಟೇ. ಮನೆಯ ಮುಂದೆ ಅವರ ಸೀರೆಗಳು, ಪುಸ್ತಕಗಳು, ಔಷಧಿಯ ಚೀಟಿಗಳು ಚೆಲ್ಲಾಡಿದ್ದವು. ಕದಕ್ಕೆ ಒಳಗಿನಿಂದ ಅಗುಳಿ ಹಾಕಿತ್ತು.

"ಅಮ್ಮಾ," ಎಂದು ಕದ ತಟ್ಟಿದರು.

ಹನುಮಕ್ಕ ಬಾಗಿಲ ಆಚೆಯೇ ನಿಂತಿದ್ದಳು, ಉಸಿರು ಕೇಳುತ್ತಿತ್ತು. "ಪೊಲೀಸರು ಬಂದು ಎಳ್ಕೊಂಡೋದ್ರು ಕಣೇ ಅವನ್ನ. ಹೆಂಡ್ತಿ ಮಕ್ಕಳ ಕಣ್ಣ ಮುಂದೆ. ನೀನು ಯಾರ ಮುಂದೆ ಹೇಳ್ದ್ಯೋ ಅವ್ರ ಮನೇಲೇ ಹೋಗಿ ಬಿದ್ಕೊ."

"ಅಮ್ಮಾ, ಅವನು ಹೊಡೆದಿದ್ದಕ್ಕೆ ಆ ಹುಡುಗನ ಕಿವಿ ಹೋಯ್ತು."

"ನನ್ನ ಹೊಟ್ಟೆ ಹೋಯ್ತಲ್ಲೇ."

ಆಮೇಲೆ ಉಸಿರೂ ಕೇಳಲಿಲ್ಲ. ರಾಜಲಕ್ಷ್ಮಮ್ಮ ಬಲಗೈ ಒಂದರಲ್ಲೇ ಸೀರೆಗಳನ್ನು ಬಾಚಿ ಗಂಟು ಕಟ್ಟಲು ನೋಡಿದರು. ಗಂಟು ನಿಲ್ಲಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದರು. ಒಡೆದಿದ್ದ ತುಟಿ ಮತ್ತೆ ಒಡೆದು, ಬಟ್ಟೆಗೆ ರಕ್ತ ಹತ್ತಿತು. ಗಂಟನ್ನು ಹೆಗಲಿಗೇರಿಸಿ ತಾವರೆಕೆರೆಯ ದಾರಿ ಹಿಡಿದರು. ಆಟೊದವನು ಆಗಲೇ ಹೊರಟುಹೋಗಿದ್ದ.